ಹೊಸ ಮಾತ್ರೆ ಶುರುವಾದ ಮೇಲೆ ಜ್ವರ, ಕಣ್ಣುರಿ, ಬಾಯಿಹುಣ್ಣು ಒಟ್ಟಿಗೆ ಬಂದರೆ ‘ಅಮ್ಮ’ ಎಂದು ಮನೆಯಲ್ಲೇ ಕೂರಬೇಡಿ

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ವಿಷಯವನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನಿಗೆ ಒಂದು ಕಡೆಯ ಕೆನ್ನೆಯಲ್ಲಿ ಕರೆಂಟ್ ಹೊಡೆದಂತೆ ನೋವು ಬರುತ್ತಿತ್ತು. ಹಲ್ಲಿನದೇ ತೊಂದರೆ ಎಂದುಕೊಂಡು ದಂತವೈದ್ಯರಿಗೆ ತೋರಿಸಿದ್ದಾಯಿತು. ಕೊನೆಗೆ ಅದು ನರದ ನೋವು ಎಂದು ತಿಳಿದು ಕಾರ್ಬಮಜೆಪಿನ್ ಮಾತ್ರೆ ಬರೆದುಕೊಟ್ಟರು. ನೋವು ಬೇಗ ಇಳಿಯಿತು, ಮನೆಯವರೆಲ್ಲ ನಿರಾಳವಾದೆವು. ಎರಡು ವಾರ ಕಳೆದಿತ್ತು ಎನ್ನುವಾಗ ಜ್ವರ ಬಂತು, ಗಂಟಲು ಕಟ್ಟಿತು, ಕಣ್ಣು ಕೆಂಪಾಗಿ ಉರಿಯತೊಡಗಿತು. ತುಟಿಯ ಒಳಗೆಲ್ಲ ಹುಣ್ಣು. ಉಷ್ಣವಾಗಿದೆ ಎಂದು ಎಳನೀರು, ಮೆಂತ್ಯದ ನೀರು ಕುಡಿಸಿದರು. ಎದೆಯ ಮೇಲೆ ಕಪ್ಪುಗೆಂಪು ಕಲೆಗಳು ಎದ್ದಾಗ ಅಕ್ಕಪಕ್ಕದವರು ‘ಅಮ್ಮ ಬಂದಿದೆ’ ಎಂದರು. ನಮ್ಮ ಕಡೆ ಹಾಗೆಂದ ಮೇಲೆ ಮುಂದೇನಾಗುತ್ತದೆ ಎಂದು ನಿಮಗೆಲ್ಲ ಗೊತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹಾಸಿಗೆಯ ಮೇಲೂ ಹರಡಿದರು. ಒಗ್ಗರಣೆ ನಿಂತಿತು, ಹೊರಗಿನವರು ಮನೆಗೆ ಬರುವುದು ನಿಂತಿತು. ನರದ ಮಾತ್ರೆ ಮಾತ್ರ ಬೆಳಿಗ್ಗೆ ಸಂಜೆ ಹೊಟ್ಟೆಗೆ ಹೋಗುತ್ತಲೇ ಇತ್ತು, ಏಕೆಂದರೆ ಅದನ್ನು ತಪ್ಪಿಸಬಾರದು ಎಂದು ಹೇಳಿದ್ದರು.

ಒಂದು ಸಂಜೆ ಅಮ್ಮ ಒದ್ದೆ ಬಟ್ಟೆಯಲ್ಲಿ ಅವಳ ಬೆನ್ನು ಒರೆಸಿದಾಗ ಬಟ್ಟೆಯ ಜೊತೆಗೆ ಚರ್ಮವೂ ಎದ್ದು ಬಂತು. ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಎಂಬ ಹೆಸರನ್ನು ನಾವು ಕೇಳಿದ್ದು ಅಂದೇ ಮೊದಲು. ಅಕ್ಕ ಬದುಕಿದ್ದಾಳೆ. ಆದರೆ ಕಣ್ಣು ಒಣಗಿ ಹೋಗಿದೆ, ದಿನವಿಡೀ ಹನಿ ಹಾಕಿಕೊಳ್ಳಬೇಕು. ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಚುಚ್ಚುತ್ತದೆ, ಆಗಾಗ ಕೀಳಿಸಿಕೊಂಡು ಬರುತ್ತಾಳೆ.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಹೊಸ ಔಷಧ ಆರಂಭಿಸಿದ ಮೊದಲ ಎರಡು ತಿಂಗಳೊಳಗೆ ಜ್ವರದ ಜೊತೆ ಕಣ್ಣುರಿ, ಬಾಯಿಹುಣ್ಣು, ಮೈಮೇಲೆ ಕಲೆ ಕಂಡರೆ ಆ ಔಷಧದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಒಂದು ಮಾತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಚರ್ಮವೈದ್ಯೆ, ಮೈಸೂರು

ತುಂಗಾತೀರ ಅವರೇ, ಬರೆದದ್ದು ಒಳ್ಳೆಯದಾಯಿತು. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.

ಈ ಕಾಯಿಲೆಯನ್ನು 1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ವೈದ್ಯರು ಇಬ್ಬರು ಹುಡುಗರಲ್ಲಿ ಗುರುತಿಸಿ ಬರೆದರು. ಇದರದೇ ಇನ್ನೂ ಉಗ್ರ ರೂಪವನ್ನು 1956ರಲ್ಲಿ ಸ್ಕಾಟ್ಲೆಂಡಿನ ಅಲನ್ ಲಯೆಲ್ ವಿವರಿಸಿದರು. ಅದರ ಪೂರ್ತಿ ಹೆಸರು ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್, ನಾವು ಟೆನ್ ಎಂದು ಚಿಕ್ಕದಾಗಿ ಕರೆಯುತ್ತೇವೆ. ಎರಡೂ ಒಂದೇ ಕಾಯಿಲೆಯ ಬೇರೆ ಬೇರೆ ಹಂತಗಳು. ಮೈಚರ್ಮದ ಶೇ 10ಕ್ಕಿಂತ ಕಡಿಮೆ ಭಾಗ ಕಳಚಿದರೆ ಮೊದಲನೆಯದು, ಶೇ 30 ದಾಟಿದರೆ ಟೆನ್, ನಡುವಿನದು ಎರಡರ ಬೆರಕೆ. ಟೆನ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ.

ಔಷಧದ ವಿರುದ್ಧ ಕೆರಳಿದ ದೇಹದ ರಕ್ಷಣಾ ಕಣಗಳು ತನ್ನದೇ ಚರ್ಮದ ಮೇಲ್ಪದರವನ್ನು ಕೊಲ್ಲುವುದರಿಂದ ಹೀಗಾಗುತ್ತದೆ. ಬಾಯಿ, ಕಣ್ಣು, ಮೂತ್ರದ್ವಾರದ ಒಳಪದರಕ್ಕೂ ಅದೇ ಗತಿ. ಹಾಗಾಗಿಯೇ ಕಲೆಗಿಂತ ಮೊದಲು ಕಣ್ಣುರಿ, ಗಂಟಲುನೋವು ಕಾಣಿಸಿಕೊಳ್ಳುತ್ತವೆ, ಮತ್ತು ಎಲ್ಲರೂ ಅದನ್ನು ಫ್ಲೂ ಎಂದು ಭಾವಿಸುತ್ತಾರೆ. ‘ಅಮ್ಮ’ದಿಂದ ಇದನ್ನು ಬೇರ್ಪಡಿಸಲು ಒಂದು ಸುಳಿವು ಹೇಳುತ್ತೇನೆ. ‘ಅಮ್ಮ’ ಎಂದರೆ ಈಗ ಸಾಮಾನ್ಯವಾಗಿ ಚಿಕನ್‌ಪಾಕ್ಸ್; ಅದರ ಗುಳ್ಳೆ ತಿಳಿನೀರು ತುಂಬಿಕೊಂಡಿರುತ್ತದೆ, ತುರಿಸುತ್ತದೆ. ಇಲ್ಲಿ ತುರಿಕೆಗಿಂತ ನೋವು ಹೆಚ್ಚು. ಕಲೆಯ ನಡುಭಾಗ ಕಂದು ಅಥವಾ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಗುಳ್ಳೆ ಏಳದ ಚರ್ಮವನ್ನು ಮುಟ್ಟಿದರೂ ‘ಉರಿಯುತ್ತದೆ, ಮುಟ್ಟಬೇಡಿ’ ಎನ್ನುತ್ತಾರೆ. ತುಟಿಯ ಮೇಲೆ ರಕ್ತದ ಹಕ್ಕಳೆ ಕಂಡರಂತೂ ಯೋಚಿಸುತ್ತ ಕೂರಬಾರದು.

ಹೆಚ್ಚಾಗಿ ಕಾರಣವಾಗುವ ಔಷಧಗಳ ಪಟ್ಟಿ ಉದ್ದವೇನಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟೋಯಿನ್, ಫಿನೋಬಾರ್ಬಿಟಲ್, ಲ್ಯಾಮೊಟ್ರಿಜಿನ್. ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್. ಕೋಟ್ರೈಮಾಕ್ಸಜೋಲ್‌ನಂತಹ ಸಲ್ಫಾ ಮಾತ್ರೆಗಳು. ಎಚ್‌ಐವಿಗೆ ಬಳಸುವ ನೆವಿರಪಿನ್. ಪಿರಾಕ್ಸಿಕಾಮ್, ಮೆಲಾಕ್ಸಿಕಾಮ್‌ನಂತಹ ಕೆಲವು ನೋವು ನಿವಾರಕಗಳು. ಮಕ್ಕಳಲ್ಲಿ ಕೆಲವೊಮ್ಮೆ ಔಷಧವೇ ಇಲ್ಲದೆ ಮೈಕೊಪ್ಲಾಸ್ಮಾ ಎಂಬ ಸೋಂಕಿನಿಂದಲೂ ಇಂಥದೇ ಚಿತ್ರ ಕಾಣುತ್ತದೆ.

ನಾನು ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ಮನೆಯವರು ನಿನ್ನೆ ಮೊನ್ನೆ ಜ್ವರಕ್ಕೆ ಕೊಟ್ಟ ಮಾತ್ರೆಯನ್ನು ದೂರುತ್ತಾರೆ. ಆ ಜ್ವರವೇ ಕಾಯಿಲೆಯ ಮೊದಲ ಲಕ್ಷಣವಾಗಿರುತ್ತದೆ. ನಿಜವಾದ ಕಾರಣ ಸಾಮಾನ್ಯವಾಗಿ ಅದಕ್ಕೂ ಮೊದಲು, ನಾಲ್ಕು ದಿನದಿಂದ ನಾಲ್ಕು ವಾರ ಹಿಂದೆ ಶುರುವಾದ ಔಷಧ. ಕೆಲವೊಮ್ಮೆ ಎಂಟು ವಾರದವರೆಗೂ ಹಿಂದೆ ಹೋಗಿ ನೋಡಬೇಕಾಗುತ್ತದೆ. ವೈದ್ಯರು ಕೇಳಿದಾಗ ಎರಡು ತಿಂಗಳ ಲೆಕ್ಕ ಕೊಡಿ.

ಗದಗಿನ ಮಾಸ್ತರ

ಮೇಡಂ, ನಿಮ್ಮ ಮೇಲೆ ಗೌರವವಿದೆ, ಆದರೆ ನನಗೆ ಇಂತಹ ಬರಹ ಕಂಡರೆ ಭಯ. ನನ್ನ ಮಗಳು ಆರನೆಯ ವಯಸ್ಸಿನಿಂದ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದಾಳೆ, ಈಗ ಕಾಲೇಜಿನಲ್ಲಿದ್ದಾಳೆ. ನಮ್ಮೂರಿನಲ್ಲಿ ಮೂರ್ಛೆ ರೋಗದವರು ಮಾತ್ರೆ ಬಿಡಲು ಒಂದು ನೆಪಕ್ಕಾಗಿ ಕಾಯುತ್ತಿರುತ್ತಾರೆ. ಯಾರೋ ಮೊಬೈಲಿನಲ್ಲಿ ಇದನ್ನು ಓದಿ ಹೇಳಿದರೆಂದು ನಾಳೆ ಮಾತ್ರೆ ನಿಲ್ಲಿಸಿ, ಬಾವಿಕಟ್ಟೆಯ ಮೇಲೋ ಒಲೆಯ ಮುಂದೋ ಬಿದ್ದರೆ ಯಾರು ಹೊಣೆ? ಹತ್ತು ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆಗಾಗಿ ಸಾವಿರಾರು ಜನರನ್ನು ಹೆದರಿಸುವುದು ಸರಿಯೇ?

ಚರ್ಮವೈದ್ಯೆ, ಮೈಸೂರು

ಮಾಸ್ತರರೇ, ನಿಮ್ಮ ಆತಂಕ ನ್ಯಾಯವಾದದ್ದು. ಎರಡು ಮಾತು ಸ್ಪಷ್ಟವಾಗಿ ಹೇಳುತ್ತೇನೆ.

ನಿಮ್ಮ ಮಗಳು ಇಷ್ಟು ವರ್ಷ ಅದೇ ಮಾತ್ರೆಯನ್ನು ತೊಂದರೆಯಿಲ್ಲದೆ ನುಂಗಿದ್ದಾಳೆ ಎಂದರೆ ಈ ವಿಷಯದಲ್ಲಿ ಅವಳು ಬಹುತೇಕ ಸುರಕ್ಷಿತಳು. ಅಪಾಯವಿರುವುದು ಆರಂಭದ ವಾರಗಳಲ್ಲಿ. ಎರಡು ತಿಂಗಳು ದಾಟಿದ ಮೇಲೆ ಅದು ತೀರಾ ಕಡಿಮೆ. ವರ್ಷಗಳಿಂದ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಯಾರೂ ಇದನ್ನು ಓದಿ ನಿಲ್ಲಿಸಬಾರದು. ದಿಢೀರನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು.

ಹೊಸದಾಗಿ ಶುರು ಮಾಡಿದವರಿಗೆ ಕಲೆ ಕಂಡರೆ? ಅದೇ ದಿನ, ಮುಂದಿನ ಡೋಸ್‌ಗೆ ಮೊದಲೇ, ಬರೆದುಕೊಟ್ಟ ವೈದ್ಯರನ್ನೋ ಹತ್ತಿರದ ದೊಡ್ಡ ಆಸ್ಪತ್ರೆಯನ್ನೋ ಸೇರಬೇಕು. ಅವರು ಒಂದನ್ನು ನಿಲ್ಲಿಸಿ, ಲೆವೆಟಿರಸಿಟಮ್‌ನಂತಹ ಬೇರೆ ಗುಂಪಿನ ಔಷಧ ಕೊಡುತ್ತಾರೆ. ಕಾರ್ಬಮಜೆಪಿನ್‌ನಿಂದ ತೊಂದರೆಯಾದವರಿಗೆ ಫೆನಿಟೋಯಿನ್‌ನಿಂದಲೂ ಆಗಬಹುದು. ಆದ್ದರಿಂದ ಬದಲಿ ಯಾವುದು ಎಂಬ ತೀರ್ಮಾನ ಮನೆಯಲ್ಲಿ ಆಗುವಂತಹದ್ದಲ್ಲ.

ಸಂಖ್ಯೆಯ ವಿಷಯ: ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಆರು ಮಂದಿಗೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 6.11 ಕೋಟಿ ಜನ. ಅದೇ ದರ ಇಲ್ಲಿಗೂ ಅನ್ವಯವಾದರೆ ವರ್ಷಕ್ಕೆ ಸುಮಾರು 60ರಿಂದ 360 ಕುಟುಂಬಗಳು. ಆ ಕುಟುಂಬಗಳು ಮೂರು ದಿನ ಮೊದಲು ಆಸ್ಪತ್ರೆಗೆ ಬರಲಿ ಎಂಬುದಷ್ಟೇ ನನ್ನ ಆಸೆ. ಕಾರಣವಾದ ಔಷಧವನ್ನು ಬೇಗ ನಿಲ್ಲಿಸಿದಷ್ಟೂ ಬದುಕುವ ಸಾಧ್ಯತೆ ಹೆಚ್ಚು.

ಗದಗಿನ ಮಾಸ್ತರ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರ, ಮೇಡಂ. ದಯವಿಟ್ಟು ಈ ಉತ್ತರವನ್ನು ಮೊದಲ ಬರಹದ ಜೊತೆಯಲ್ಲೇ ಹಂಚಿಕೊಳ್ಳಿ. ಒಂದನ್ನು ಬಿಟ್ಟು ಇನ್ನೊಂದು ಹೋಗಬಾರದು.

ಔಷಧದ ಅಂಗಡಿ, ಹುಬ್ಬಳ್ಳಿ

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅಂಗಡಿ ನಡೆಸುತ್ತಿದ್ದೇನೆ. ಕೌಂಟರಿನ ಈಚೆಯಿಂದ ಕಾಣುವುದನ್ನು ಹೇಳುತ್ತೇನೆ.

ಯೂರಿಕ್ ಆಸಿಡ್ ಮಾತ್ರೆಯ ವಿಷಯ ಮೇಡಂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರು. ನನ್ನ ಮಟ್ಟಿಗೆ ಅದೇ ದೊಡ್ಡ ಚಿಂತೆ. ಈಗ ಎಲ್ಲೆಡೆ ಆರೋಗ್ಯ ತಪಾಸಣೆಯ ಪ್ಯಾಕೇಜುಗಳಿವೆ. ವರದಿಯಲ್ಲಿ ಯೂರಿಕ್ ಆಸಿಡ್ ಎದುರು ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ ಬಂದಿರುತ್ತದೆ. ಕಾಲುಬೆರಳಿನಲ್ಲಿ ಬಾವಿಲ್ಲ, ಕೀಲುನೋವಿಲ್ಲ, ಕಿಡ್ನಿ ಕಲ್ಲಿಲ್ಲ. ಆದರೂ ನೆರೆಮನೆಯವರು ತೆಗೆದುಕೊಳ್ಳುವ ಮಾತ್ರೆಯ ಖಾಲಿ ಪಟ್ಟಿ ಹಿಡಿದು ‘ಇದನ್ನೇ ಕೊಡಿ’ ಎಂದು ಬರುತ್ತಾರೆ. ನಾನು ಕೊಡುವುದಿಲ್ಲ. ಲಕ್ಷಣವಿಲ್ಲದೆ ಬರೀ ಸಂಖ್ಯೆ ನೋಡಿ ಅಲೊಪ್ಯೂರಿನಾಲ್ ಶುರು ಮಾಡಬಾರದು ಎಂದು ಅಮೆರಿಕದ ಸಂಧಿವಾತ ತಜ್ಞರ ಸಂಘವೂ 2020ರಲ್ಲಿ ಸಲಹೆ ಕೊಟ್ಟಿದೆ. ಬೇಕೇ ಆದವರಿಗೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಕಿಡ್ನಿ ದುರ್ಬಲವಾಗಿರುವವರಿಗೆ ಇನ್ನೂ ಕಡಿಮೆ. ಮೊದಲ ದಿನವೇ 300 ನುಂಗುವುದು ಅಪಾಯವನ್ನು ಕರೆದು ಕೂರಿಸಿಕೊಂಡಂತೆ.

ಪಟ್ಟಿಯ ಹಿಂಬದಿಯಲ್ಲಿ ಉದ್ದಕ್ಕೂ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಆ ಗೆರೆ ಇರುವುದು ನಿಮಗಾಗಿ, ಅದನ್ನು ನೋಡಿ.

ಹೆಸರಿನ ವಿಷಯವೂ ಮುಖ್ಯ. ಮೂತ್ರದ ಸೋಂಕಿಗೆ ಸೆಪ್ಟ್ರಾನ್ ತೆಗೆದುಕೊಂಡು ಮೈಯೆಲ್ಲ ಸುಲಿದ ಒಬ್ಬರು, ಕೆಲವು ವರ್ಷಗಳ ನಂತರ ಬೇರೆ ಕಂಪನಿಯ ಮಾತ್ರೆಯ ಚೀಟಿ ತಂದರು. ‘ನನಗೆ ಸೆಪ್ಟ್ರಾನ್ ಆಗುವುದಿಲ್ಲ, ಇದು ಬೇರೆ ತಾನೆ?’ ಎಂದರು. ಒಳಗಿದ್ದದ್ದು ಅದೇ ಕೋಟ್ರೈಮಾಕ್ಸಜೋಲ್. ಅವರು ಕೇಳಿದ್ದರಿಂದ ಉಳಿದರು. ಬ್ರ್ಯಾಂಡ್ ಹೆಸರು ನೂರಿರುತ್ತವೆ, ಒಳಗಿನ ಔಷಧ ಒಂದೇ. ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಬರೆದಿಟ್ಟುಕೊಳ್ಳಿ.

ಸಿಂಗಪುರದ ಕನ್ನಡಿಗ

ತುಂಗಾತೀರ ಅವರು ಹೇಳಿದ ಅದೇ ಮಾತ್ರೆಯನ್ನು ಇಲ್ಲಿ ನನ್ನ ಹೆಂಡತಿಗೆ ಬರೆಯುವ ಮೊದಲು ರಕ್ತ ತೆಗೆದು ಒಂದು ಜೀನ್ ಪರೀಕ್ಷೆ ಮಾಡಿಸಿದರು. 2004ರಲ್ಲಿ ತೈವಾನಿನ ಸಂಶೋಧಕರು ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪ ಇರುವವರಿಗೆ ಕಾರ್ಬಮಜೆಪಿನ್‌ನಿಂದ ಈ ಕಾಯಿಲೆ ಬರುವ ಅಪಾಯ ಬಹಳ ಹೆಚ್ಚು ಎಂದು ತೋರಿಸಿದ್ದರು. 2013ರಿಂದ ಸಿಂಗಪುರದಲ್ಲಿ ಏಷ್ಯಾ ಮೂಲದವರಿಗೆ ಹೊಸದಾಗಿ ಈ ಮಾತ್ರೆ ಕೊಡುವ ಮೊದಲು ಈ ಪರೀಕ್ಷೆ ಮಾಡುವುದು ರೂಢಿಯಾಗಿದೆ. ಫಲಿತಾಂಶ ಬರುವವರೆಗೆ ಕಾದೆವು, ಆ ಜೀನ್ ಇಲ್ಲವೆಂದು ಬಂದ ಮೇಲೆ ಮಾತ್ರೆ ಕೊಟ್ಟರು. ಭಾರತದಲ್ಲಿ ಇದು ಏಕಿಲ್ಲ?

ಚರ್ಮವೈದ್ಯೆ, ಮೈಸೂರು

ಒಳ್ಳೆಯ ಪ್ರಶ್ನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಏಷ್ಯಾ ಮೂಲದವರಿಗೆ ಈ ಪರೀಕ್ಷೆ ಮಾಡಿಸಬೇಕೆಂದು ಎಚ್ಚರಿಸಿತು. ಅದರ ಸೂಚನೆಯಲ್ಲಿ ಭಾರತೀಯರನ್ನೂ ಒಳಗೊಂಡ ದಕ್ಷಿಣ ಏಷ್ಯಾದವರಲ್ಲಿ ಶೇ 2ರಿಂದ 4ರಷ್ಟು ಮಂದಿಯಲ್ಲಿ, ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚಾಗಿ, ಈ ಜೀನ್ ಇರಬಹುದು ಎಂದಿದೆ. ಗುಜರಾತಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಕಾರ್ಬಮಜೆಪಿನ್‌ನಿಂದ ತೊಂದರೆಗೊಳಗಾದ ಎಂಟು ಮಂದಿಯಲ್ಲಿ ಆರು ಮಂದಿಗೆ ಅದಿತ್ತು. ಬೆಂಗಳೂರಿನಂತಹ ನಗರಗಳ ಪ್ರಯೋಗಾಲಯಗಳಲ್ಲಿ ಪರೀಕ್ಷೆ ದೊರೆಯುತ್ತದೆ, ಆದರೆ ಖರ್ಚು ರೋಗಿಯದೇ. ಮಾತ್ರೆಯ ಬೆಲೆಯ ಮುಂದೆ ಪರೀಕ್ಷೆಯ ಬೆಲೆ ಹಲವು ಪಟ್ಟು. ಸರ್ಕಾರಿ ವ್ಯವಸ್ಥೆಯಲ್ಲಿ ಇದು ಉಚಿತವಾಗಿ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಪರೀಕ್ಷೆಯಲ್ಲಿ ಇಲ್ಲವೆಂದು ಬಂದವರು ಕಣ್ಣುಮುಚ್ಚಿ ಕೂರುವಂತಿಲ್ಲ. ಬೇರೆ ಜೀನ್ ರೂಪಗಳೂ ಇವೆ. ಮೊದಲ ಎರಡು ತಿಂಗಳ ಎಚ್ಚರ ಎಲ್ಲರಿಗೂ ಬೇಕು.

ನೇತ್ರಾವತಿ, ಮಂಗಳೂರು

ನಾನು ದಾದಿ. ಎಲ್ಲ ಪ್ರತಿಕ್ರಿಯೆಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು ಹೇಳಲು ಬಂದೆ.

‘ಟೆಸ್ಟ್ ಡೋಸ್ ಕೊಟ್ಟಿದ್ದರು, ಏನೂ ಆಗಿರಲಿಲ್ಲ’ ಎಂದು ಅನೇಕರು ಹೇಳುತ್ತಾರೆ. ಇಂಜೆಕ್ಷನ್‌ಗೆ ಮೊದಲು ಮುಂಗೈಗೆ ಚುಚ್ಚಿ, ಪೆನ್ನಿನಿಂದ ಗುಂಡಗೆ ಗುರುತು ಹಾಕಿ, ಕಾದು ನೋಡುತ್ತೇವಲ್ಲ, ಅದರಿಂದ ಕೂಡಲೇ ಬರುವ ಅಲರ್ಜಿಯ ಸುಳಿವು ಸಿಗಬಹುದಷ್ಟೇ. ವಾರಗಳ ನಂತರ ಬರುವ ಈ ಚರ್ಮದ ಕಾಯಿಲೆಯನ್ನು ಅದು ಹಿಡಿಯುವುದಿಲ್ಲ.

ಕೂಡಲೇ ಬರುವ ಅನಾಫಿಲಾಕ್ಸಿಸ್ ಬೇರೆಯೇ ಕಥೆ. ಪೆನಿಸಿಲಿನ್, ಸೆಫಲೊಸ್ಪೊರಿನ್, ಡೈಕ್ಲೊಫಿನಾಕ್ ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಗಂದೆ ಏಳುವುದು, ನಾಲಗೆ ತುಟಿ ಊದುವುದು, ಉಸಿರು ಕಟ್ಟುವುದು, ಬಿಪಿ ಕುಸಿಯುವುದು. ಅಲ್ಲಿ ಪ್ರಾಣ ಉಳಿಸುವ ಮೊದಲ ಔಷಧ ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ಅಲರ್ಜಿಯ ಎವಿಲ್, ಸ್ಟಿರಾಯ್ಡ್ ಆದ ಡೆಕ್ಸಾ ಇಂಜೆಕ್ಷನ್ ಎಲ್ಲ ಆಮೇಲಿನ ಮಾತು. ಇಂಜೆಕ್ಷನ್ ಕೊಡುವ ಎಲ್ಲ ಕಡೆಯೂ, ಎಷ್ಟೇ ಚಿಕ್ಕ ಕ್ಲಿನಿಕ್ಕಾದರೂ, ಟ್ರೇಯಲ್ಲಿ ಅವಧಿ ಮೀರದ ಅಡ್ರಿನಲಿನ್ ಇರಲೇಬೇಕು. ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ, ಸಂಕೋಚಪಡಬೇಡಿ. ಇಂಜೆಕ್ಷನ್ ಆದ ಮೇಲೆ ಬಸ್ಸು ತಪ್ಪುತ್ತದೆ ಎಂದು ಎದ್ದು ಓಡದೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.

ಮಲೆನಾಡ ಮಳೆ

ಮುಟ್ಟಿನ ಹೊಟ್ಟೆನೋವಿಗೆ ನಾವೆಲ್ಲ ನುಂಗುವ ಮೆಫನಾಮಿಕ್ ಆಸಿಡ್ ಮಾತ್ರೆಯ ಬಗ್ಗೆ ಒಮ್ಮೆ ಸುದ್ದಿ ಬಂದಿತ್ತಲ್ಲವೇ? ನಮ್ಮ ಹಾಸ್ಟೆಲಿನಲ್ಲಿ ಅದು ಚಾಕೊಲೇಟಿನಂತೆ ಕೈಯಿಂದ ಕೈಗೆ ಹೋಗುತ್ತದೆ.

ಔಷಧದ ಅಂಗಡಿ, ಹುಬ್ಬಳ್ಳಿ

ಹೌದು ತಂಗಿ. 2023ರ ನವೆಂಬರ್ ಕೊನೆಯಲ್ಲಿ ಔಷಧಗಳ ಗುಣಮಟ್ಟ ನಿಗದಿ ಮಾಡುವ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದು ಹೇಳಿದ್ದು ಡ್ರೆಸ್ ಎಂಬ ಇನ್ನೊಂದು ತೀವ್ರ ಪ್ರತಿಕ್ರಿಯೆಯ ಬಗ್ಗೆ. ಜ್ವರ, ಮೈಮೇಲೆ ದದ್ದು, ಮುಖ ಊದುವುದು, ಗ್ರಂಥಿಗಳು ದಪ್ಪವಾಗುವುದು, ಯಕೃತ್ತಿಗೆ ಪೆಟ್ಟು. ಮಾತ್ರೆ ಶುರುವಾದ ಎರಡರಿಂದ ಎಂಟು ವಾರದೊಳಗೆ ಬರಬಹುದು. ಮಾತ್ರೆಯನ್ನು ನಿಷೇಧಿಸಿಲ್ಲ, ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ಗೆಳತಿಗೆ ಕೊಡುವ ಮೊದಲು ‘ನಿನಗೆ ಯಾವ ಮಾತ್ರೆಯಾದರೂ ಒಗ್ಗಿಲ್ಲವೇ’ ಎಂದು ಕೇಳುವುದು ಅಭ್ಯಾಸವಾಗಲಿ.

ಬೆಂಗಳೂರಿನ ವಕೀಲ

ಈ ಕಾಯಿಲೆಯ ಹೆಸರು ನಮ್ಮ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೂ ಇದೆ. ಅಮೆರಿಕದಲ್ಲಿ ನೆಲೆಸಿದ್ದ ಅನುರಾಧಾ ಸಹಾ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞೆ 1998ರಲ್ಲಿ ಕೋಲ್ಕತ್ತಾಗೆ ಬಂದಿದ್ದಾಗ ಚರ್ಮದ ಮೇಲೆ ದದ್ದು ಬಂತು. ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್ ಇಂಜೆಕ್ಷನ್ನನ್ನು ದಿನಕ್ಕೆ ಎರಡು ಬಾರಿಯಂತೆ ಬರೆಯಲಾಯಿತು. ಟೆನ್ ಉಲ್ಬಣಿಸಿ, ಮುಂಬಯಿಗೆ ಸಾಗಿಸಿದರೂ ಅದೇ ಮೇ ತಿಂಗಳಲ್ಲಿ ತೀರಿಕೊಂಡರು. ಸ್ವತಃ ವೈದ್ಯರಾದ ಪತಿ ಕುನಾಲ್ ಸಹಾ ಹದಿನೈದು ವರ್ಷ ಹೋರಾಡಿದರು. 2009ರಲ್ಲಿ ನಿರ್ಲಕ್ಷ್ಯ ಸಾಬೀತಾಯಿತು, 2013ರ ಅಕ್ಟೋಬರಿನಲ್ಲಿ ಬಡ್ಡಿಯನ್ನು ಬಿಟ್ಟು 5.96 ಕೋಟಿ ರೂಪಾಯಿ ಪರಿಹಾರದ ಆದೇಶ ಬಂತು.

ಔಷಧ ಒಗ್ಗದಿರುವುದು ಯಾರ ಅಪರಾಧವೂ ಅಲ್ಲ, ಗುರುತಿಸಿದ ಮೇಲಿನ ಆರೈಕೆ ಸರಿಯಿತ್ತೇ ಎಂಬುದೇ ಕಾನೂನಿನ ಪ್ರಶ್ನೆ. ಆದ್ದರಿಂದ ಚೀಟಿ, ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಜೋಪಾನವಾಗಿಡಿ. ಕೋರ್ಟಿಗಿಂತ ಮುಂದಿನ ವೈದ್ಯರಿಗೆ ಅವು ಹೆಚ್ಚು ಬೇಕಾಗುತ್ತವೆ.

ಮಲೆನಾಡ ಮಳೆ

ಹಾಗಾದರೆ ನಾಟಿ ಔಷಧವೇ ಮೇಲು ಎನ್ನುತ್ತಾರೆ ನಮ್ಮ ಮನೆಯಲ್ಲಿ.

ಚರ್ಮವೈದ್ಯೆ, ಮೈಸೂರು

ಒಳಗೆ ಏನಿದೆ ಎಂದು ಬರೆಯದ ಯಾವ ಪುಡಿ, ಗುಳಿಗೆಯನ್ನೂ ನಂಬಬೇಡಿ. ಕೀಲುನೋವಿನ ಇಂತಹ ಪುಡಿಗಳಲ್ಲಿ ನೋವಿನ ಮಾತ್ರೆ, ಸ್ಟಿರಾಯ್ಡ್ ಬೆರೆಸಿದ್ದು ಮತ್ತೆ ಮತ್ತೆ ಪತ್ತೆಯಾಗಿದೆ. ತೊಂದರೆಯಾದಾಗ ಯಾವುದನ್ನು ನಿಲ್ಲಿಸಬೇಕೆಂದೇ ನಮಗೆ ತಿಳಿಯುವುದಿಲ್ಲ.

ತುಂಗಾತೀರ, ಶಿವಮೊಗ್ಗ

ಮೇಡಂ, ಅಕ್ಕನ ಕಣ್ಣಿನ ಬಗ್ಗೆ ಕೇಳಬೇಕಿತ್ತು. ಮೈ ವಾಸಿಯಾಗಿ ಮನೆಗೆ ಬಂದ ಮೇಲೆಯೇ ನಾವು ಕಣ್ಣಿನ ವೈದ್ಯರನ್ನು ಕಂಡದ್ದು. ಈಗ ಬೆಳಕು ನೋಡಲಾರಳು, ಅಡುಗೆಯ ಹೊಗೆ ತಾಗಿದರೆ ಸಂಕಟಪಡುತ್ತಾಳೆ.

ಚರ್ಮವೈದ್ಯೆ, ಮೈಸೂರು

ಆಸ್ಪತ್ರೆಗೆ ಸೇರಿದ ಮೊದಲ ದಿನವೇ ಕಣ್ಣಿನ ವೈದ್ಯರು ನೋಡಬೇಕು. ಇದನ್ನು ಓದುವ ಎಲ್ಲರೂ ನೆನಪಿಡಿ, ಕರೆಸದಿದ್ದರೆ ನೀವೇ ಕೇಳಿ. ಚರ್ಮ ಕೆಲವು ವಾರಗಳಲ್ಲಿ ಹೊಸದಾಗಿ ಬೆಳೆಯುತ್ತದೆ, ಕಣ್ಣಿನ ಒಳಪದರ ಹಾಗಲ್ಲ. ರೆಪ್ಪೆ ಗುಡ್ಡೆಗೆ ಅಂಟಿಕೊಳ್ಳದಂತೆ ಮೊದಲ ವಾರ ಹತ್ತು ದಿನದೊಳಗೆ ಹೆರಿಗೆಯಲ್ಲಿ ದೊರೆಯುವ ಆಮ್ನಿಯಾಟಿಕ್ ಪೊರೆಯನ್ನು ಕಣ್ಣಿಗೆ ಹೊದಿಸಿದರೆ ತೀವ್ರ ಪ್ರಕರಣಗಳಲ್ಲಿ ದೃಷ್ಟಿ ಉಳಿಯುವ ಅವಕಾಶ ಹೆಚ್ಚು.

ನಿಮ್ಮ ಅಕ್ಕನಿಗೆ ಆ ಹಂತ ದಾಟಿದೆ, ಆದರೆ ದಾರಿ ಮುಚ್ಚಿಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ತಜ್ಞರ ಬಳಿ ಹೋಗಿ ಎರಡು ವಿಷಯ ಕೇಳಿ. ಒಂದು, ಸ್ಕ್ಲೀರಲ್ ಲೆನ್ಸ್. ಅದು ಸಾಮಾನ್ಯ ಲೆನ್ಸಿಗಿಂತ ದೊಡ್ಡದು, ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ, ಒಳಗೆ ದ್ರವ ತುಂಬಿರುವುದರಿಂದ ಕಾರ್ನಿಯಾ ಸದಾ ತೇವವಾಗಿರುತ್ತದೆ. ಇನ್ನೊಂದು, ರೆಪ್ಪೆಯ ಒಳ ಅಂಚು ಒರಟಾಗಿದ್ದರೆ ತುಟಿಯ ಒಳಪದರದ ಚಿಕ್ಕ ತುಂಡನ್ನು ಅಲ್ಲಿಗೆ ಕಸಿ ಮಾಡುವುದು. ಹನಿಯನ್ನು ಸಂರಕ್ಷಕ ರಾಸಾಯನಿಕವಿಲ್ಲದ್ದನ್ನೇ ಬರೆಸಿಕೊಳ್ಳಿ, ದಿನವಿಡೀ ಹಾಕುವವರಿಗೆ ಅದು ಮುಖ್ಯ.

ತುಂಗಾತೀರ, ಶಿವಮೊಗ್ಗ

ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಲೆನ್ಸಿನ ವಿಷಯ ಓದಿ ಹೇಳಿದೆ, ಅಕ್ಕ ಎದ್ದು ಕುಳಿತು ಮತ್ತೊಮ್ಮೆ ಓದು ಎಂದಳು. ಹುಬ್ಬಳ್ಳಿಯ ಅಣ್ಣ, ಇಂತಹ ತೊಂದರೆಯನ್ನು ಸರ್ಕಾರಕ್ಕೆ ತಿಳಿಸುವ ದಾರಿ ಇದೆಯೇ? ಇಷ್ಟು ತಡವಾಗಿ ಹೇಳಿದರೂ ನಡೆಯುತ್ತದೆಯೇ?

ಔಷಧದ ಅಂಗಡಿ, ಹುಬ್ಬಳ್ಳಿ

ನಡೆಯುತ್ತದೆ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ, ಅದರ ಕೇಂದ್ರ ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗದಲ್ಲಿದೆ. ವೈದ್ಯರೇ ವರದಿ ಮಾಡಬೇಕೆಂದೇನಿಲ್ಲ, ರೋಗಿಯೋ ಮನೆಯವರೋ ಮಾಡಬಹುದು. ಶುಲ್ಕವಿಲ್ಲದ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಹಗಲು ಹೊತ್ತು ಕರೆ ಮಾಡಿ. ಜನಸಾಮಾನ್ಯರು ತುಂಬುವ ಅರ್ಜಿ ಕನ್ನಡದಲ್ಲೂ ಇದೆ. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೆಂದೇ ಒಂದು ವಿಭಾಗವಿರುತ್ತದೆ, ಅಲ್ಲಿ ಕೊಟ್ಟರೂ ಆಗುತ್ತದೆ.

ಪೂರ್ತಿ ಹೆಸರು ಬೇಡ, ರೋಗಿಯ ಹೆಸರಿನ ಮೊದಲಕ್ಷರ ಸಾಕು. ವಯಸ್ಸು, ಯಾವ ಔಷಧ, ಯಾವಾಗ ಶುರು ಯಾವಾಗ ನಿಲ್ಲಿಸಿದ್ದು, ಏನಾಯಿತು, ಈಗ ಹೇಗಿದ್ದಾರೆ ಎಂದು ಬರೆಯಿರಿ. ಖಾತ್ರಿಯಿಲ್ಲದಿದ್ದರೆ ಸಂಶಯವಿದೆ ಎಂದೇ ಬರೆಯಬಹುದು. ಬ್ಯಾಚ್ ಸಂಖ್ಯೆ ಅಂಗಡಿಯ ಬಿಲ್ಲಿನ ಮೇಲೂ ಇರುತ್ತದೆ. ಬಿಲ್ಲು ಕಳೆದಿದ್ದರೆ ಕೊಂಡ ಅಂಗಡಿಯಲ್ಲಿ ಕೇಳಿ, ಕಂಪ್ಯೂಟರಿನಲ್ಲಿ ಹಳೆಯ ಮಾರಾಟದ ದಾಖಲೆ ಉಳಿದಿದ್ದರೆ ತೆಗೆದುಕೊಡುತ್ತಾರೆ.